ಪೆಡಲ್ ಮೀಟರೋ, ಕ್ರ್ಯಾಂಕ್ ಮೀಟರೋ: ಹೆಚ್ಚುವರಿ ಹಣ ಯಾವುದಕ್ಕೆ?

ತುಳಿಯುವ ಶಕ್ತಿಯನ್ನು ಅಳೆಯುವ ಪವರ್ ಮೀಟರನ್ನು ಸೈಕಲ್ಲಿಗೆ ಹಾಕಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಪೆಡಲಿನಲ್ಲಿ ಕೂರುವ ಮೀಟರ್ ಕೊಳ್ಳಬೇಕೋ ಪೆಡಲನ್ನು ಹೊತ್ತ ತೋಳಾದ ಕ್ರ್ಯಾಂಕಿನಲ್ಲಿ ಕೂರುವುದನ್ನು ಕೊಳ್ಳಬೇಕೋ ಎಂಬುದು. ವಾರದ ಕೊನೆಯಲ್ಲಿ ನಂದಿ ಬೆಟ್ಟದ ಕಡೆಗೆ ಹೊರಡುವ ಬೆಂಗಳೂರಿನ ಸವಾರರ ನಡುವೆ ಇದು ಮುಗಿಯದ ಚರ್ಚೆ. ವಾದವೆಲ್ಲ ಸಾಮಾನ್ಯವಾಗಿ ನಿಖರತೆಯ ಸುತ್ತಲೇ ಸುತ್ತುತ್ತದೆ. ಸ್ವಂತ ದುಡ್ಡು ಹಾಕಿ ಎರಡೂ ಬಗೆಯವನ್ನು ಬಳಸಿದವನಾಗಿ, ಹಣದ ಲೆಕ್ಕ ಬರೆಯುವವನಾಗಿ ನನ್ನ ಅಭಿಪ್ರಾಯ ಬೇರೆ. ಪೆಡಲ್ ಮೀಟರಿಗೆ ನಾವು ತೆರುವ ಹೆಚ್ಚುವರಿ ಹಣದ ಬಹುಪಾಲು, ಮೀಟರನ್ನು ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಒಯ್ಯುವ ಸೌಲಭ್ಯದ ಬೆಲೆ. ಆ ಸೌಲಭ್ಯವನ್ನು ಮುಂದಿನ ನಾಲ್ಕೈದು ವರ್ಷಗಳಲ್ಲಿ ಬಳಸುತ್ತೀರಾ ಎಂಬುದಕ್ಕೆ ಪ್ರಾಮಾಣಿಕ ಉತ್ತರ ಸಿಕ್ಕರೆ, ಯಾವುದನ್ನು ಕೊಳ್ಳಬೇಕೆಂಬುದೂ ಅದರಲ್ಲೇ ಇದೆ.

ನಿಖರತೆಯ ಮಾತನ್ನೇ ಮೊದಲು ಪರಿಶೀಲಿಸೋಣ. ಎರಡೂ ಮೀಟರುಗಳ ಒಳಗಿನ ತತ್ವ ಒಂದೇ. ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ; ಆ ಬಾಗುವಿಕೆಯನ್ನು ಸ್ಟ್ರೇನ್ ಗೇಜ್ ಎಂಬ ಸಣ್ಣ ಪಟ್ಟಿ ಅಳೆಯುತ್ತದೆ. ಅದರಿಂದ ಸಿಗುವ ತಿರುಚು ಬಲವನ್ನು ಕಾಲು ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್ ಲೆಕ್ಕ ಬರುತ್ತದೆ. ಜರ್ಮನಿಯ ಉಲ್ರಿಕ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಕಟ್ಟಿ ಕ್ರ್ಯಾಂಕಿನಲ್ಲಿ ಇದನ್ನು ಸಾಧಿಸಿದಾಗ ಅದು ವೃತ್ತಿಪರ ತಂಡಗಳಿಗಷ್ಟೇ ಎಟುಕುವ ವಸ್ತುವಾಗಿತ್ತು. 2012ರ ಹೊತ್ತಿಗೆ ಸ್ಟೇಜಸ್ ಕಂಪನಿ ಎಡಗಡೆಯ ಕ್ರ್ಯಾಂಕ್ ತೋಳಿಗೆ ಮಾತ್ರ ಗೇಜ್ ಅಂಟಿಸಿ ಬೆಲೆಯನ್ನು 1,000 ಡಾಲರ್‌ಗಿಂತ ಕೆಳಗಿಳಿಸಿತು. 2013ರಲ್ಲಿ ಗಾರ್ಮಿನ್‌ನ ವೆಕ್ಟರ್ ಪೆಡಲ್ ಜೋಡಿ 1,699 ಡಾಲರಿಗೆ ಬಂತು. 2017ರಲ್ಲಿ ಇಟಲಿಯ ಫವೇರೋ ತನ್ನ ಅಸ್ಸಿಯೋಮಾ ಪೆಡಲುಗಳೊಂದಿಗೆ ಆ ಬೆಲೆಯನ್ನೂ ಬಹಳ ಕೆಳಕ್ಕೆ ತಂದಿತು. ಇವತ್ತು ಒಳ್ಳೆಯ ಮೀಟರ್ ಯಾವುದೇ ಇರಲಿ, ಪೆಡಲಿನದಾಗಲಿ ಕ್ರ್ಯಾಂಕಿನದಾಗಲಿ, ತಯಾರಕರು ಹೇಳಿಕೊಳ್ಳುವ ತಪ್ಪಿನ ಮಿತಿ ಶೇ 1ರಿಂದ 2ರೊಳಗೇ ಇರುತ್ತದೆ.

ಆ ಶೇ 1ರ ಅಂತರ ತರಬೇತಿಯಲ್ಲಿ ಏನು ಮಾಡುತ್ತದೆ? ಒಂದು ಗಂಟೆ ಸತತವಾಗಿ 200 ವ್ಯಾಟ್ ತುಳಿಯಬಲ್ಲ ಸವಾರನನ್ನು ತೆಗೆದುಕೊಳ್ಳಿ. ತರಬೇತುದಾರರು ಹೆಚ್ಚಾಗಿ ಬಳಸುವ ವಲಯಗಳ ಪ್ರಕಾರ ಅವನ ಥ್ರೆಶೋಲ್ಡ್ ವಲಯ ಆ 200ರ ಶೇ 91ರಿಂದ 105, ಅಂದರೆ 182ರಿಂದ 210 ವ್ಯಾಟ್. ವಲಯದ ಅಗಲವೇ 28 ವ್ಯಾಟ್ ಇರುವಾಗ ಮೀಟರಿನ ಎರಡು ವ್ಯಾಟ್ ವ್ಯತ್ಯಾಸಕ್ಕೆ ಹತ್ತಾರು ಸಾವಿರ ಸುರಿಯುವುದರಲ್ಲಿ ಅರ್ಥವಿಲ್ಲ. ಒಂದೇ ಕಡೆ ಅಳೆದು ಎರಡರಿಂದ ಗುಣಿಸುವ ಎಡ ಕ್ರ್ಯಾಂಕಿನ ಮೇಲೆ ಬರುವ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಜವಾದ ಶಕ್ತಿ 250 ವ್ಯಾಟ್ ಇದ್ದು ಎಡಗಾಲಿನ ಪಾಲು ಶೇ 48 ಇದ್ದರೆ, ಮೀಟರ್ 120ನ್ನು ಇಮ್ಮಡಿ ಮಾಡಿ 240 ತೋರಿಸುತ್ತದೆ. ಹತ್ತು ವ್ಯಾಟ್ ಕಡಿಮೆ. ಈ ತಪ್ಪು ಪ್ರತಿ ಸಲವೂ ಅಷ್ಟೇ ಇದ್ದರೆ ಅಭ್ಯಾಸಕ್ಕೆ ತೊಂದರೆಯಿಲ್ಲ, ಯಾಕೆಂದರೆ ನಾವು ಹೋಲಿಸುವುದು ಕಳೆದ ತಿಂಗಳ ನಮ್ಮನ್ನೇ. ಆದರೆ ದಣಿದಾಗ ಎಡ-ಬಲದ ಪಾಲು ಬದಲಾಗುವವರೂ ಇದ್ದಾರೆ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದವರು, ಒಂದು ಕಾಲಿಗೆ ಹಳೆಯ ಪೆಟ್ಟಿರುವವರು, ಫಿಸಿಯೋಥೆರಪಿಸ್ಟ್ ಎಡ-ಬಲದ ಅಂಕಿ ಕೇಳಿದವರು ಎರಡೂ ಕಡೆ ಅಳೆಯುವ ಮೀಟರಿಗೆ ಹಣ ಕೊಡುವುದು ಸರಿ. ಅವರನ್ನು ಬಿಟ್ಟರೆ ಉಳಿದ ಹವ್ಯಾಸಿಗಳಿಗೆ ಒಂದು ಕಡೆಯ ಅಳತೆ ಸಾಕು.

ಈಗ ಸಾಗಿಸುವ ಪ್ರಶ್ನೆಗೆ ಬರೋಣ. ಪೆಡಲಿನ ತಿರುಪು ಹೆಚ್ಚುಕಡಿಮೆ ಎಲ್ಲ ಒಳ್ಳೆಯ ಸೈಕಲ್ಲುಗಳಲ್ಲೂ 9/16 ಇಂಚಿನದೇ. ಎಡ ಪೆಡಲಿನ ತಿರುಪು ಉಲ್ಟಾ ಎಂಬುದನ್ನು ನೆನಪಿಟ್ಟುಕೊಂಡರೆ ಒಂದು ಅಲೆನ್ ಕೀ ಹಿಡಿದು ಯಾರಾದರೂ ಬಿಚ್ಚಿ ಇನ್ನೊಂದು ಸೈಕಲ್ಲಿಗೆ ಹಾಕಬಹುದು. ಕ್ರ್ಯಾಂಕ್ ತೋಳು ಹಾಗಲ್ಲ. ಶಿಮಾನೋದ ತೋಳು 24 ಮಿಲಿಮೀಟರ್ ಅಚ್ಚಿಗೆ ಹೊಂದುತ್ತದೆ. ಸ್ರ್ಯಾಮ್‌ನ ಡಬ್ ಅಚ್ಚು ಸುಮಾರು 29 ಮಿಲಿಮೀಟರ್. ಒಂದು ಕಂಪನಿಯ ತೋಳು ಇನ್ನೊಂದರ ಅಚ್ಚಿಗೆ ಕೂರುವುದಿಲ್ಲ. ತೋಳಿನ ಒಳಬದಿಗೆ ಅಂಟಿದ ಮೀಟರಿನ ಡಬ್ಬಿ ಹಿಂಚಕ್ರದ ಕಡೆಗೆ ಹೋಗುವ ಚೈನ್‌ಸ್ಟೇ ಕೊಳವೆಗೆ ತಾಗದಷ್ಟು ಜಾಗವೂ ಬೇಕು. ಶಿಮಾನೋ ತೋಳನ್ನು ಕೂರಿಸುವಾಗ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ, 12ರಿಂದ 14 ನ್ಯೂಟನ್ ಮೀಟರಿನವರೆಗೆ ಬಿಗಿಯಬೇಕು. ಕಷ್ಟದ ಕೆಲಸವೇನಲ್ಲ, ಆದರೆ ಪ್ರತಿ ವಾರ ಮಾಡುವಂಥದ್ದೂ ಅಲ್ಲ. ಇವೆಲ್ಲಕ್ಕಿಂತ ದೊಡ್ಡದು ಉದ್ದದ ಪ್ರಶ್ನೆ. ಈಚಿನ ವರ್ಷಗಳಲ್ಲಿ 172.5 ಅಥವಾ 170 ಮಿಲಿಮೀಟರಿನ ಕ್ರ್ಯಾಂಕ್ ಬಿಟ್ಟು 165ಕ್ಕೆ ಇಳಿಯುವವರು ಹೆಚ್ಚುತ್ತಿದ್ದಾರೆ. ಸವಾರನ ಮೈಗೆ ತಕ್ಕಂತೆ ಸೈಕಲ್ ಹೊಂದಿಸುವ ಫಿಟ್ಟಿಂಗ್ ಮಾಡುವವರು ಇಂಥ ಬದಲಾವಣೆ ಹೇಳಿದ ದಿನ ಕ್ರ್ಯಾಂಕ್ ಮೀಟರಿಗೆ ಹಾಕಿದ ಹಣ ಸಿಕ್ಕಿಹಾಕಿಕೊಂಡಂತೆಯೇ. ಪೆಡಲ್ ಮೀಟರ್ ಇದ್ದರೆ ಹೊಸ ಕ್ರ್ಯಾಂಕಿನ ಉದ್ದವನ್ನು ಆ್ಯಪ್‌ನಲ್ಲಿ ಬದಲಿಸಿದರೆ ಮುಗಿಯಿತು. ಆದರೆ ಅದನ್ನು ಮರೆಯುವಂತಿಲ್ಲ: 165ರ ಕ್ರ್ಯಾಂಕ್ ಹಾಕಿ ಹಳೆಯ 172.5 ಅನ್ನೇ ಉಳಿಸಿಕೊಂಡರೆ ಅಂಕಿ ಶೇ 4.5ರಷ್ಟು ಉಬ್ಬಿ, 200 ವ್ಯಾಟ್ 209 ಎಂದು ಕಾಣುತ್ತದೆ. ಕಂಪನಿ ಹೇಳಿಕೊಳ್ಳುವ ನಿಖರತೆಯನ್ನೆಲ್ಲ ಆ ಒಂದು ಮರೆವು ನುಂಗಿಹಾಕುತ್ತದೆ.

ಹಣದ ಲೆಕ್ಕ ಹೀಗೆ. ಬೆಲೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುವುದರಿಂದ ಉದಾಹರಣೆಗೆಂದು ಎಡ ಕ್ರ್ಯಾಂಕ್ ಮೀಟರಿಗೆ 30,000, ಒಂದು ಕಡೆಯ ಪೆಡಲ್ ಮೀಟರಿಗೆ 45,000, ಎರಡೂ ಕಡೆಯದಕ್ಕೆ 75,000 ರೂಪಾಯಿ ಎಂದಿಟ್ಟುಕೊಳ್ಳೋಣ; ಅಂಗಡಿಯವರು ಹೇಳುವ ದರ ಹಾಕಿ ನೀವೇ ಮತ್ತೆ ಮಾಡಿನೋಡಿ. ಒಂದೇ ಸೈಕಲ್ಲನ್ನು ಐದು ವರ್ಷ ಓಡಿಸಿದರೆ ಕ್ರ್ಯಾಂಕಿನದು ವರ್ಷಕ್ಕೆ 6,000, ಒಂಟಿ ಪೆಡಲಿನದು 9,000, ಜೋಡಿಯದು 15,000. ಇಲ್ಲಿ ಕ್ರ್ಯಾಂಕಿನ ಗೆಲುವು ಸ್ಪಷ್ಟ. ಅದೇ ಐದು ವರ್ಷದಲ್ಲಿ ಎರಡನೆಯ ಸೈಕಲ್ ಬಂದರೆ ಅಥವಾ ಕ್ರ್ಯಾಂಕ್ ಉದ್ದ ಬದಲಾದರೆ ಎರಡು ಕ್ರ್ಯಾಂಕ್ ಮೀಟರ್ ಬೇಕು. ಖರ್ಚು ವರ್ಷಕ್ಕೆ 12,000ಕ್ಕೆ ಏರುತ್ತದೆ, ಒಂಟಿ ಪೆಡಲ್ 9,000ದಲ್ಲೇ ನಿಲ್ಲುತ್ತದೆ. ಎರಡು ಸೈಕಲ್ಲಿಗೂ ಒಂದೇ ಮೀಟರ್ ಇದ್ದಾಗ ಅಂಕಿಗಳನ್ನು ನೇರವಾಗಿ ಹೋಲಿಸಬಹುದೆಂಬ ಲಾಭ ಬೇರೆ. ಜೋಡಿ ಪೆಡಲ್ ಕೊಳ್ಳುವ ಮೊದಲು ಇನ್ನೊಂದು ಲೆಕ್ಕವನ್ನೂ ನೋಡಿ: ಕ್ರ್ಯಾಂಕಿಗೂ ಜೋಡಿಗೂ ನಡುವಿನ 45,000 ರೂಪಾಯಿಯನ್ನು ವರ್ಷಕ್ಕೆ ಶೇ 7ರ ಚಕ್ರಬಡ್ಡಿಯಲ್ಲಿ ಐದು ವರ್ಷ ಠೇವಣಿ ಇಟ್ಟರೆ ತೆರಿಗೆಗೆ ಮುಂಚೆ 63,000 ದಾಟುತ್ತದೆ. ಅದರ ದೊಡ್ಡ ಪಾಲು, ಎಡ-ಬಲದ ಅಂಕಿಗೆ ನೀವು ಕೊಡುತ್ತಿರುವ ನಿಜವಾದ ಬೆಲೆ. ಕಾರ್ಡಿನ ಇಎಂಐನಲ್ಲಿ ಕೊಂಡರೆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿಯೂ ಸೇರುತ್ತದೆ.

ಪೆಡಲಿನ ವಿರುದ್ಧ ಹೇಳುವ ಮಾತುಗಳಲ್ಲೂ ಹುರುಳಿದೆ. ಸೈಕಲ್ ಬಿದ್ದರೆ ಮೊದಲು ನೆಲಕ್ಕೆ ತಾಗುವ ಭಾಗಗಳಲ್ಲಿ ಪೆಡಲ್ ಒಂದು. ಕ್ರ್ಯಾಂಕ್ ತೋಳಿನ ಒಳಗೆ ಅಂಟಿದ ಡಬ್ಬಿ ಅದಕ್ಕಿಂತ ಸುರಕ್ಷಿತ. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವವರು ಇದನ್ನು ಹಗುರವಾಗಿ ನೋಡಬಾರದು. ಪೆಡಲ್ ಬದಲಾದರೆ ಶೂ ಕೆಳಗಿನ ಕ್ಲೀಟ್ ಬದಲಾಗಬಹುದು, ಕೆಲವೊಮ್ಮೆ ಶೂ ಕೂಡ. ಆ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಕ್ರ್ಯಾಂಕಿನ ಪರ ಇರುವವರು, ಮುಂದಿನ ಸೈಕಲ್ಲೂ ಶಿಮಾನೋದ್ದೇ ಆದರೆ ಎಡ ತೋಳನ್ನು ಅದಕ್ಕೆ ಒಯ್ಯಬಹುದು ಎನ್ನುತ್ತಾರೆ. ಉದ್ದ ಅದೇ ಇದ್ದು ಫ್ರೇಮಿನಲ್ಲಿ ಜಾಗವಿದ್ದರೆ ಅದು ನಿಜ. ಆದರೆ ಕ್ರ್ಯಾಂಕ್ ಕೂಡ ಶಾಶ್ವತವಲ್ಲ. ಅಂಟಿಸಿ ಜೋಡಿಸಿದ ಭಾಗಗಳು ಬಿಟ್ಟುಕೊಳ್ಳಬಹುದೆಂಬ ಕಾರಣಕ್ಕೆ ಶಿಮಾನೋ 2023ರ ಸೆಪ್ಟೆಂಬರ್‌ನಲ್ಲಿ ತನ್ನ ಹಲವು ವರ್ಷಗಳ 11 ಗೇರಿನ ಡ್ಯೂರಾ-ಏಸ್ ಮತ್ತು ಅಲ್ಟೆಗ್ರಾ ಕ್ರ್ಯಾಂಕುಗಳನ್ನು ತಪಾಸಣೆಗೆ ಕರೆಯಬೇಕಾಯಿತು. ವಿದೇಶದಿಂದ ತರಿಸಿದರೆ ಅಗ್ಗ ಎಂಬ ವಾದವೂ ಇದೆ. ಕಸ್ಟಮ್ಸ್ ಸುಂಕ, ಕೊರಿಯರ್ ಶುಲ್ಕ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಕೂಡಿಸಿದ ಮೇಲೆ ಉಳಿಯುವ ಅಂತರವನ್ನು ನೋಡಿ; ಕೆಟ್ಟಾಗ ವಾಪಸ್ ಕಳಿಸುವ ಖರ್ಚೂ ನಿಮ್ಮದೇ. ಇಲ್ಲಿನ ಮಾರಾಟಗಾರರ ಬಿಲ್ಲು ಮತ್ತು ವಾರಂಟಿಗೆ ಸ್ವಲ್ಪ ಹೆಚ್ಚು ಕೊಡುವುದು ಎಷ್ಟೋ ಮೇಲು.

ಈ ಲೆಕ್ಕ ಅತಿ ಹೆಚ್ಚು ಮುಖ್ಯವಾಗುವುದು ಬೆಳೆಯುವ ಮಕ್ಕಳ ವಿಷಯದಲ್ಲಿ. ವಿಜಯಪುರ, ಬಾಗಲಕೋಟೆ ಭಾಗದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದ್ದಾರೆ. ಅಂಥ ಮಕ್ಕಳ ಎತ್ತರದ ಜೊತೆಗೆ ಫ್ರೇಮಿನ ಅಳತೆ, ಕ್ರ್ಯಾಂಕಿನ ಉದ್ದ ಬದಲಾಗುತ್ತಲೇ ಇರುತ್ತವೆ. ಅವರಿಗಾಗಿ ಹಣ ಕೂಡಿಸುವ ಪೋಷಕರು, ಪ್ರಾಯೋಜಕರು ಕ್ರ್ಯಾಂಕ್ ಮೀಟರ್ ಕೊಡಿಸಿದರೆ ಎರಡು ವರ್ಷದಲ್ಲಿ ಅದು ಮೂಲೆ ಸೇರುವ ಸಾಧ್ಯತೆಯೇ ಹೆಚ್ಚು. ಒಂಟಿ ಪೆಡಲ್ ಮೀಟರ್ ಮಗುವಿನ ಜೊತೆಗೇ ಸಾಗುತ್ತದೆ. ಫವೇರೋ, ಗಾರ್ಮಿನ್‌ನಂಥ ಕಂಪನಿಗಳು ಮುಂದೆ ಬೇಕಾದಾಗ ಇನ್ನೊಂದು ಕಡೆಯದನ್ನು ಸೇರಿಸಿಕೊಳ್ಳುವ ಅವಕಾಶವನ್ನೂ ಕೊಟ್ಟಿವೆ.

ಹಾಗಾಗಿ ನನ್ನ ಸಲಹೆ ಇಷ್ಟು. ಒಂದೇ ಸೈಕಲ್, ಫಿಟ್ಟಿಂಗ್ ಮುಗಿದಿದೆ, ನಾಲ್ಕೈದು ವರ್ಷ ಬದಲಿಸುವ ಯೋಚನೆಯಿಲ್ಲ ಎನ್ನುವವರು ಎಡ ಕ್ರ್ಯಾಂಕ್ ಮೀಟರ್ ಕೊಳ್ಳಿ, ಬಿಚ್ಚಿದ ಮೂಲ ತೋಳನ್ನು ಜೋಪಾನವಾಗಿಡಿ. ಸೈಕಲ್ ಮಾರುವ ದಿನ ಅದನ್ನು ಮತ್ತೆ ಹಾಕಿ ಮೀಟರನ್ನು ಬೇರೆಯಾಗಿ ಮಾರಬಹುದು. ಎರಡು ಸೈಕಲ್ ಇರುವವರು, ಕ್ರ್ಯಾಂಕ್ ಉದ್ದ ಇನ್ನೂ ನಿಶ್ಚಯವಾಗದವರು, ಬೆಳೆಯುವ ಮಕ್ಕಳು ಒಂಟಿ ಪೆಡಲಿನಿಂದ ಶುರುಮಾಡಲಿ. ಜೋಡಿ ಪೆಡಲಿಗೆ ಹಣ ಹಾಕುವ ಮುಂಚೆ, ಆ ಎಡ-ಬಲದ ಅಂಕಿ ನೋಡಿ ನಿಮ್ಮ ಅಭ್ಯಾಸದಲ್ಲಿ ಏನನ್ನು ಬದಲಿಸುತ್ತೀರಿ ಎಂದು ಒಂದು ಕಾಗದದ ಮೇಲೆ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಹಣ ಬ್ಯಾಂಕಿನಲ್ಲೇ ಇರಲಿ.