ಊರಿನ ಸುರಕ್ಷತೆಯ ಪರಿಶೀಲನೆ

ಬೀದಿ, ಬಾವಿಕಟ್ಟೆ, ಬಸ್ಸು ನಿಲ್ಲುವ ಜಾಗ, ಸಂತೆಯ ಬಯಲು, ಗುಡಿಯ ಅಂಗಳ, ಕಾಲುವೆಯ ದಂಡೆ, ಇವೆಲ್ಲವೂ ಸಾರ್ವಜನಿಕ ಸ್ಥಳಗಳು. ಎಲ್ಲರಿಗೂ ಸೇರಿದುದು ಯಾರ ಹೊಣೆಯೂ ಅಲ್ಲವೆಂದು ಬಿಟ್ಟುಬಿಡುವುದು ಲೋಕರೂಢಿ. ಮಳೆಗಾಲಕ್ಕೆ ಮುಂಚೆ ಮನೆಯ ಮಾಳಿಗೆಗೆ ಮಣ್ಣು ಹೊರಿಸುವ ನಾವು, ಬೀದಿಯ ದೀಪ ಆರಿಹೋಗಿ ತಿಂಗಳಾದರೂ ತಲೆಯೆತ್ತಿ ನೋಡುವುದಿಲ್ಲ.

ಉರುಕುಂದದಂತಹ ಕ್ಷೇತ್ರದಲ್ಲಿ ಈ ಹೊಣೆ ಇಮ್ಮಡಿಯಾದುದು. 1953ರಲ್ಲಿ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತಾದರೂ ಭಕ್ತರ ಹಾದಿಗೆ ಗಡಿಯಿಲ್ಲ. ಶ್ರಾವಣ ಮಾಸದಲ್ಲಿ ಈರಣ್ಣಸ್ವಾಮಿಯ ದರ್ಶನಕ್ಕೆಂದು ಕರ್ನಾಟಕದಿಂದಲೂ ಜನ ಬಂದು ನೆರೆಯುತ್ತಾರೆ. ಊರಿನ ಪರಿಚಯವಿಲ್ಲದ ಅತಿಥಿಗಳಿಗೆ ಹಳ್ಳ, ತಗ್ಗು, ನೀರಿನ ಆಳ ತಿಳಿಯುವ ಬಗೆ ಹೇಗೆ?

ಊರಿನವರೇ ಕೂಡಿ ನಡೆದು, ಅಪಾಯದ ಸ್ಥಳಗಳನ್ನು ಗುರುತಿಸಿ ಬರೆದಿಡುವ ಕ್ರಮಕ್ಕೆ ಸುರಕ್ಷತಾ ಪರಿಶೀಲನೆ ಎನ್ನಬಹುದು. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಮೆಟ್ರಾಕ್ ಎಂಬ ಸಂಸ್ಥೆ ಮಹಿಳೆಯರ ರಕ್ಷಣೆಗಾಗಿ 1989ರಲ್ಲಿ ಇದರ ಕೈಪಿಡಿಯನ್ನು ಸಿದ್ಧಪಡಿಸಿತು. ಅನಂತರ ನಮ್ಮ ದೇಶದಲ್ಲಿಯೂ ದೆಹಲಿಯ ಜಾಗೋರಿ ಸಂಸ್ಥೆ ಇಂತಹ ಪರಿಶೀಲನೆಗಳನ್ನು ನಡೆಸಿತು. ಇದಕ್ಕೆ ಹಣ ಬೇಕಿಲ್ಲ. ಕಾಗದ, ಸೀಸದಕಡ್ಡಿ, ಎರಡು ಗಂಟೆಯ ಬಿಡುವು ಸಾಕು.

ಮೊದಲನೆಯದಾಗಿ, ಆರೆಂಟು ಮಂದಿಯ ತಂಡವಾಗಲಿ. ಅದರಲ್ಲಿ ತಾಯಂದಿರು, ವಿದ್ಯಾರ್ಥಿನಿಯರು, ವೃದ್ಧರು, ಅಂಗವಿಕಲರು ಇರಲೇಬೇಕು. ಎರಡನೆಯದಾಗಿ, ಊರಿನ ನಕ್ಷೆಯನ್ನು ಬರೆದುಕೊಂಡು ಒಂದು ಸಲ ಹಗಲಿನಲ್ಲಿ, ಒಂದು ಸಲ ದೀಪ ಹಚ್ಚಿದ ಮೇಲೆ ಅದೇ ಹಾದಿಯಲ್ಲಿ ನಡೆಯಬೇಕು. ಜಾತ್ರೆಯ ದಿನ ಇನ್ನೊಮ್ಮೆ. ಮಕ್ಕಳ ಜೊತೆಗೆ ಹಿರಿಯರು ತಪ್ಪದೆ ಇರತಕ್ಕದ್ದು.

ಮೂರನೆಯದಾಗಿ, ಕೇಳಬೇಕಾದ ಪ್ರಶ್ನೆಗಳು. ದೀಪ ಉರಿಯುತ್ತಿದೆಯೆ? ತಿರುವಿನಾಚೆ ಕಾಣದಂತೆ ಜಾಲಿ ಬೆಳೆದಿದೆಯೆ? ಕೂಗಿದರೆ ಕೇಳುವಷ್ಟು ಸಮೀಪದಲ್ಲಿ ಮನೆಯಿದೆಯೆ? ಶೌಚಾಲಯದ ಹಾದಿ ಹೇಗಿದೆ? ವಿದ್ಯುತ್ತಂತಿ ಜೋತುಬಿದ್ದಿದೆಯೆ? ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ ನೀರಿಗಿಳಿಯುವ ಕಡೆ ಮೆಟ್ಟಿಲು, ಹಿಡಿದುಕೊಳ್ಳಲು ಸರಪಳಿ ಇವೆಯೆ? ಎಚ್ಚರಿಕೆಯ ಫಲಕ ತೆಲುಗು ಕನ್ನಡಗಳೆರಡರಲ್ಲಿಯೂ ಇದೆಯೆ? ಓದಲಾರದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಬರೆಯುವಾಗ 'ಇಲ್ಲಿ ಕತ್ತಲೆ' ಎಂದರೆ ಸಾಲದು. 'ಶಾಲೆಯ ಹಿಂದಿನ ತಿರುವಿನಿಂದ ಮೂರನೆಯ ಕಂಬದ ದೀಪ ಉರಿಯುತ್ತಿಲ್ಲ' ಎಂದು ಬರೆದರೆ ಉತ್ತರ ಕೊಡಬೇಕಾದವರಿಗೆ ತಪ್ಪಿಸಿಕೊಳ್ಳಲು ಎಡೆಯಿರದು.

ಇನ್ನು, ಎಲ್ಲಕ್ಕಿಂತ ಮುಖ್ಯವಾದ ಮಾತು. ಹೆಣ್ಣುಮಗಳೊಬ್ಬಳು 'ಈ ತಿರುವಿನಲ್ಲಿ ನನಗೆ ಭಯ' ಎಂದಾಗ, 'ಇಲ್ಲಿ ಎಂದೂ ಏನೂ ನಡೆದಿಲ್ಲ' ಎಂದು ಬಾಯಿ ಮುಚ್ಚಿಸುವುದು ಹಿರಿತನವಲ್ಲ. ಆಕೆ ಆ ಹಾದಿಯನ್ನೇ ಬಿಟ್ಟಿರುವುದರಿಂದ ಏನೂ ನಡೆಯದೆ ಇರಬಹುದು. ಹಾದಿಯನ್ನು ಬಿಟ್ಟವಳು ನಾಳೆ ಶಾಲೆಯನ್ನೂ ಬಿಡುವಳು. ಉಪಾಧ್ಯಾಯರಾದ ನಾವು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕಿ ಸುಮ್ಮನಾಗುತ್ತೇವೆ. ಬಾರದಿರಲು ಹಾದಿಯೇ ಕಾರಣವೇನೋ ಎಂದು ವಿಚಾರಿಸುವುದಿಲ್ಲ. ಈ ತಪ್ಪನ್ನು ನಾವು ಒಪ್ಪಿಕೊಳ್ಳಬೇಕು. ಆದ್ದರಿಂದ ಭಯಪಡುವವರ ಮಾತನ್ನು ಅವರ ಹೆಸರು ಕಾಣಿಸದೆ, ಅವರು ಹೇಳಿದಂತೆಯೇ ಬರೆದುಕೊಳ್ಳುವುದು ಈ ಕಾರ್ಯದ ಜೀವಾಳ.

ಕಡೆಯದಾಗಿ, ಕಂಡುದನ್ನು ಮೂರಾಗಿ ವಿಂಗಡಿಸಬೇಕು: ನಾವೇ ಮಾಡಬಹುದಾದುದು, ಪಂಚಾಯತಿಯಿಂದಾಗಬೇಕಾದುದು, ವಿದ್ಯುತ್, ನೀರಾವರಿ ಮೊದಲಾದ ಇಲಾಖೆಗಳಿಂದ ಹಾಗೂ ದೇವಸ್ಥಾನದ ಆಡಳಿತದಿಂದಾಗಬೇಕಾದುದು. ಜಾಲಿ ಕಡಿಯಲು, ತಗ್ಗು ಮುಚ್ಚಲು ಅರ್ಜಿ ಏತಕ್ಕೆ? ಒಂದು ಭಾನುವಾರದ ಶ್ರಮದಾನ ಸಾಕು. ಉಳಿದುದನ್ನು ಗ್ರಾಮಸಭೆಯಲ್ಲಿ ಓದಿ, ಬರಹದಲ್ಲಿ ಒಪ್ಪಿಸಿ, ಮೂರು ತಿಂಗಳ ತರುವಾಯ ಅದೇ ಹಾದಿಯಲ್ಲಿ ಮತ್ತೆ ನಡೆಯಬೇಕು. ಎರಡನೆಯ ನಡಿಗೆಯಿಲ್ಲದಿದ್ದರೆ ಮೊದಲನೆಯದು ಬರಿಯ ಮೆರವಣಿಗೆ.

ಮುಂದಿನ ಶ್ರಾವಣಕ್ಕೆ ಮುಂಚೆ ನಮ್ಮ ವಿದ್ಯಾರ್ಥಿಗಳೂ ಪೋಷಕರೂ ಈ ಕಾರ್ಯಕ್ಕೆ ಕೈ ಹಚ್ಚುವರೆಂದು ನಂಬಿದ್ದೇವೆ. ನಮ್ಮೂರಿಗೆ ಬಂದವರೂ ನಮ್ಮ ಮಕ್ಕಳೂ ನಿರ್ಭಯವಾಗಿ ಮನೆ ಸೇರಿದರೆ ಅದಕ್ಕಿಂತ ಹಿರಿದಾದ ಸೇವೆ ಬೇರೊಂದಿಲ್ಲ.