ಬಸುರಿಯ ತೂಕದ ಮೇಲೆ ಕಣ್ಣಿರಲಿ

ಊರ್ಡಿಗೆರೆ ಸುತ್ತಿನ ಹೆಣ್ಣುಮಕ್ಕಳೇ, ಬಸುರಿಯಾದ ಕೂಡಲೇ ಅತ್ತೆ, ಅಮ್ಮ ಎಲ್ಲರೂ 'ಇಬ್ಬರ ಊಟ ಮಾಡು' ಎನ್ನುತ್ತಾರೆ. ಅವರ ಪ್ರೀತಿ ದೊಡ್ಡದು. ಆದರೆ ಮೊದಲ ಮೂರು ತಿಂಗಳು ಹೆಚ್ಚುವರಿ ಊಟ ಅಷ್ಟಾಗಿ ಬೇಕಿಲ್ಲ. ಆಮೇಲೂ ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕ್ಯಾಲೊರಿ ಮಾತ್ರ.

ಮೊದಲು ಸಾಮಾನ್ಯ ತೂಕವಿದ್ದವರು ಒಂಬತ್ತು ತಿಂಗಳಲ್ಲಿ 10ರಿಂದ 12 ಕೆ.ಜಿ. ಏರಿದರೆ ಸಾಕು, ಮೊದಲೇ ದಪ್ಪಗಿದ್ದವರಿಗೆ ಇನ್ನೂ ಕಡಿಮೆ. ಅತಿಯಾದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ಸಂಭವ ಹೆಚ್ಚು. ಮಗು ವಿಪರೀತ ಬೆಳೆದು ಹೆರಿಗೆ ಕಷ್ಟವಾಗಬಹುದು, ಸಿಸೇರಿಯನ್ ಬೇಕಾಗಬಹುದು. ಬಾಣಂತನ ಮುಗಿದರೂ ಆ ತೂಕ ಇಳಿಯದೆ ಉಳಿದುಬಿಡಬಹುದು.

ರಾಗಿಮುದ್ದೆ, ಸೊಪ್ಪಿನ ಸಾರು, ಕಾಳು, ಮೊಟ್ಟೆ, ಹಣ್ಣು ತಿನ್ನಿ. ಸೀಮಂತದ ಸಿಹಿ, ಬೇಕರಿ ತಿಂಡಿ, ಬಾಟಲಿ ಜ್ಯೂಸ್ ಮಿತವಾಗಿರಲಿ. ವೈದ್ಯರು ಬೇಡವೆನ್ನದಿದ್ದರೆ ದಿನಾ ಅರ್ಧ ಗಂಟೆ ನಡೆಯಿರಿ. ತೂಕ ಇಳಿಸಲೆಂದು ಉಪವಾಸ ಮಾತ್ರ ಬೇಡ.

ಪ್ರತಿ ತಪಾಸಣೆಯಲ್ಲೂ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ಒಮ್ಮೆಲೇ ತೂಕ ಏರಿ ಮುಖ, ಕೈ ಊದಿಕೊಂಡರೆ, ತಲೆನೋವು ಬಂದು ಕಣ್ಣು ಮಂಜಾದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ದಯವಿಟ್ಟು ನಾಳೆಗೆ ಮುಂದೂಡಬೇಡಿ.