ಮೊದಲ ಚಳಿಗಾಲದಲ್ಲಿ ತೀರ್ಮಾನ ಬೇಡ

ಮಗಳೇ,

ಲಂಡನ್ನಿಗೆ ಹೊರಡುವ ದಿನ ಹತ್ತಿರ ಬಂತು. ಒಂದು ಗಳಿಗೆ ಖುಷಿ, ಮರುಗಳಿಗೆ ಅಳು, ಇದರಲ್ಲಿ ಯಾವುದು ನಿಜ ದೊಡ್ಡಮ್ಮ ಅಂತ ಕೇಳಿದೆಯಲ್ಲ, ಎರಡೂ ನಿಜ. ಹೊಸ ಊರು, ಒಳ್ಳೆಯ ಕೆಲಸ, ನಿನ್ನದೇ ಆದ ಬದುಕು ಬೇಕು ಅನ್ನಿಸಿದ್ದಕ್ಕೇ ಹೊರಟಿದ್ದೀಯ. ಮನೆಯವರ ಮೇಲೆ ಜೀವ ಇಟ್ಟುಕೊಂಡಿರುವುದಕ್ಕೇ ಸಂಕಟವಾಗುತ್ತಿದೆ. ಒಂದನ್ನು ಅದುಮಿ ಇನ್ನೊಂದನ್ನು ಗೆಲ್ಲಿಸಲು ಹೋಗಬೇಡ. ಆ ಊರಲ್ಲಿ ಬಹುಕಾಲ ಬಾಳಿ ಬಂದವಳಾಗಿ ನಾನು ಹೇಳುವುದು ಇಷ್ಟೇ: ಲಂಡನ್ ನಿನಗೆ ಒಗ್ಗುತ್ತದೋ ಇಲ್ಲವೋ ಎಂಬ ತೀರ್ಮಾನವನ್ನು ಮೊದಲ ಚಳಿಗಾಲದಲ್ಲಿ ಮಾಡಬೇಡ.

ಸೆಪ್ಟೆಂಬರಿನಲ್ಲಿ ಇಳಿದವರಿಗೆ ಮೊದಲ ವಾರಗಳೆಲ್ಲ ಸಂಭ್ರಮ. ಥೇಮ್ಸ್ ದಡದ ನಡಿಗೆ, ದುಡ್ಡಿಲ್ಲದೆ ಒಳಗೆ ಬಿಡುವ ಬ್ರಿಟಿಷ್ ಮ್ಯೂಸಿಯಂ, ಎಲ್ಲವೂ ಚಂದ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಡಿಸೆಂಬರಿಗೆ ಬೆಳಿಗ್ಗೆ 8ರ ಹೊತ್ತಿಗೆ ಮೂಡಿದ ಸೂರ್ಯ ಸಂಜೆ 4 ಆಗುವ ಮೊದಲೇ ಮುಳುಗಿರುತ್ತಾನೆ. ಕತ್ತಲಲ್ಲೇ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮನೆ ಸೇರುವಾಗ, ಯಾವ ಸುಖಕ್ಕೆ ಬಂದೆನೋ ಅನ್ನಿಸುತ್ತದೆ. ನಮ್ಮ ಮೈಗೆ ಅಷ್ಟು ಗಿಡ್ಡ ಹಗಲಿನ ರೂಢಿಯಿಲ್ಲ. ಆ ಬೇಸರದಲ್ಲಿ ಬಿಸಿಲಿಲ್ಲದ್ದರ ಪಾಲೆಷ್ಟು, ಊರಿನ ನೆನಪಿನ ಪಾಲೆಷ್ಟು ಎಂದು ಆಗ ಗೊತ್ತಾಗುವುದೇ ಇಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ತಪ್ಪದೆ ಹೊರಗೆ ನಡೆದಾಡು. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ನಮ್ಮಂಥ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು. ಜೂನಿನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ, ಊರಿಗೆ ಊರೇ ಪಾರ್ಕಿನಲ್ಲಿರುತ್ತದೆ. ಅದನ್ನೂ ಕಂಡ ಮೇಲೆ ಯೋಚಿಸು.

ಇನ್ನು ಫೋನಿನ ಮಾತು. ಚಳಿಗಾಲದಲ್ಲಿ ನಾವು ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಕೆಲಸ ಮುಗಿಸಿ ಸಂಜೆ 7ಕ್ಕೆ ಮಾಡಿದರೆ ಇಲ್ಲಿ ನಡುರಾತ್ರಿಯ ಹೊತ್ತಾಗಿರುತ್ತದೆ. ನಿಮ್ಮಮ್ಮ 'ನಿದ್ದೆ ಬಂದಿರಲಿಲ್ಲ ಬಿಡು' ಅನ್ನುತ್ತಾ ಕಾದಿರುತ್ತಾಳೆ. ಬೆಳಿಗ್ಗೆ 7ಕ್ಕೆ ಮಾಡು, ಇಲ್ಲಿ ಊಟದ ಹೊತ್ತು. 'ಎಲ್ಲಾ ಚೆನ್ನಾಗಿದೆ' ಎಂಬ ಒಂದೇ ಪಾಠ ಒಪ್ಪಿಸಬೇಡ. ಜ್ವರ ಬಂದಿದ್ದರೆ ಬಂದಿದೆ ಅನ್ನು. ನೀನು ಮುಚ್ಚಿಟ್ಟರೆ ಅವರೂ ಮುಚ್ಚಿಡುತ್ತಾರೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದು ಮನೆಗೆ ಬಂದ ಮೇಲೆ ತಿಳಿಯುವುದಿದೆಯಲ್ಲ, ದೂರದಲ್ಲಿರುವವರನ್ನು ಅದಕ್ಕಿಂತ ನೋಯಿಸುವುದು ಇನ್ನೊಂದಿಲ್ಲ. ಹೊರಡುವ ಮುಂಚೆಯೇ ನೀನೂ ಮನೆಯವರೂ ಮಾತು ಕೊಟ್ಟುಕೊಳ್ಳಿ: ಕಾಯಿಲೆಯ ವಿಷಯ ಯಾರೂ ಮುಚ್ಚಿಡುವುದಿಲ್ಲ ಅಂತ.

ಮನಸ್ಸು ನೆಲೆಯಾಗಬೇಕಾದರೆ ಮೊದಲು ತಲೆಯ ಮೇಲೊಂದು ಭದ್ರವಾದ ಸೂರು ಬೇಕು. ಕಣ್ಣಾರೆ ನೋಡದ ಕೋಣೆಗೆ ದುಡ್ಡು ಕಳಿಸಬೇಡ. ಮೊದಲ ದಿನಗಳಿಗೆ ಫಿಟ್ಜ್‌ರಾಯ್ ಸ್ಕ್ವೇರಿನ ಇಂಡಿಯನ್ ವೈಎಂಸಿಎಯಂಥ ಕಡೆ ಉಳಿದುಕೊಂಡು ಕೋಣೆ ಹುಡುಕು. ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಅದನ್ನು ಮನೆಯೊಡೆಯರು 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಡಬೇಕು. ಮನೆಯೊಡೆಯರೂ ಅದೇ ಮನೆಯಲ್ಲಿದ್ದರೆ ಡಿಪಾಸಿಟ್ಟಿಗೆ ಈ ರಕ್ಷಣೆಯಿಲ್ಲ, ನೆನಪಿರಲಿ. ಆರೋಗ್ಯವಾಗಿರುವಾಗಲೇ ಹತ್ತಿರದ ಜಿಪಿ ಡಾಕ್ಟರ ಬಳಿ ಹೆಸರು ಬರೆಸು. ಮೈ ಸುಡುವಾಗ ಫಾರಂ ತುಂಬುವ ಒಂಟಿತನ ಯಾರಿಗೂ ಬೇಡ.

ಜನರನ್ನು ಸಂಪಾದಿಸು. ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಭಾರತೀಯ ವಿದ್ಯಾಭವನವಿದೆ. 1972ರಲ್ಲಿ ಶುರುವಾದ ಆ ಕೇಂದ್ರವನ್ನು ಬೆಳೆಸಿದವರು ನಮ್ಮ ಶಿವಮೊಗ್ಗದ ಕಡೆಯ ಮತ್ತೂರು ಕೃಷ್ಣಮೂರ್ತಿಯವರು. ಊರಿನ ಹಂಬಲವನ್ನು ಅವರು ಹತ್ತು ಜನಕ್ಕೆ ಆಸರೆಯಾಗುವ ಕೆಲಸವಾಗಿ ಮಾಡಿದರು. ನೀನೂ ಅಲ್ಲಿ ಸಂಗೀತ ಕಲಿ, ಕನ್ನಡ ಬಳಗದ ಯುಗಾದಿಗೆ ಹೋಗಿ ಬಡಿಸಲು ನಿಲ್ಲು. ಆದರೆ ನಮ್ಮವರ ನಡುವೆಯೇ ಉಳಿದುಬಿಡಬೇಡ. ನಿನ್ನ ಬಡಾವಣೆಯ ಲೈಬ್ರರಿಗೆ ಸೇರಲು ದುಡ್ಡು ಬೇಕಿಲ್ಲ. ಅಲ್ಲಿನ ಓದುಗರ ಕೂಟಕ್ಕೆ ಹೋಗು. ಪಕ್ಕದ ಮನೆಯವರನ್ನು ನೀನೇ ಮೊದಲು ಮಾತಾಡಿಸು. ದೊಡ್ಡ ಊರಲ್ಲಿ ಯಾರೂ ತಾವಾಗಿ ಬಾಗಿಲು ತಟ್ಟುವುದಿಲ್ಲ. ಹಾಗೆಂದು ಅವರಿಗೆ ಸ್ನೇಹ ಬೇಡ ಎಂದಲ್ಲ.

ಅಪ್ಪ ಅಮ್ಮನಿಗೆ ದುಡ್ಡು ಕಳಿಸಿದರೂ ಬಿಟ್ಟುಬಂದೆನೆಂಬ ನೋವು ಪೂರ್ತಿ ಹೋಗುವುದಿಲ್ಲ. ಹೋಗಲೇಬೇಕು ಎಂದು ಹಟ ಹಿಡಿದರೆ ಹಬ್ಬ ಬಂದಾಗೆಲ್ಲ ಸೋತೆ ಅನ್ನಿಸುತ್ತದೆ. ಆ ನೋವಿದ್ದೂ ನಗಬಹುದು, ಕೆಲಸದಲ್ಲಿ ಮೇಲೇರಬಹುದು, ಹೊಸ ಗೆಳೆತನ ಕಟ್ಟಬಹುದು. ಅದರಿಂದ ಮನೆಯ ಮೇಲಿನ ಪ್ರೀತಿ ಕಡಿಮೆಯಾಯಿತು ಎಂದು ಯಾರಾದರೂ ಅಂದರೆ ನಂಬಬೇಡ.

ಕೊನೆಯದಾಗಿ, ಮೊದಲ ಸಂಬಳದಿಂದಲೇ ವಾಪಸ್ ಟಿಕೆಟ್ಟಿನ ದುಡ್ಡು ಮತ್ತು ಮೂರು ತಿಂಗಳ ಖರ್ಚನ್ನು ಬೇರೆಯಾಗಿ ಕೂಡಿಡಲು ಶುರುಮಾಡು. ಮುಂದಿನ ಬೇಸಿಗೆ ಮುಗಿದ ಮೇಲೆ ಕೂತು ಯೋಚಿಸುವಾಗ ಆ ದುಡ್ಡು ನಿನಗೆ ಧೈರ್ಯ ಕೊಡುತ್ತದೆ. ಉಳಿದರೆ ಬೇಕೆಂದೇ ಉಳಿಯುತ್ತೀಯ, ಬಂದರೆ ತಲೆಯೆತ್ತಿ ಬರುತ್ತೀಯ. ಯಾವುದಾದರೂ ಸರಿ, ನಾವು ನಿನ್ನ ಜೊತೆಗಿದ್ದೇವೆ.

ಇಂತಿ,
ನಿನ್ನ ದೊಡ್ಡಮ್ಮ